ರವಿವಾರ ಒಲೆಗೂ ಅರ್ಧ ರಜೆ ಇರ್ಲಿ

ಮಳೆ ಹಿಂದಾಗಿ ದೀಪಾವಳಿ ಬರೋದ್ರೊಳಗಿನ ರವಿವಾರಗಳಷ್ಟು ಚೆಂದದ ದಿನ ವರ್ಷದಲ್ಲಿ ಮತ್ತೊಂದಿಲ್ಲ. ಅಂಗಳದ ಹಾವಸೆ ಒಣಗಿರ್ತದೆ, ಗದ್ದೆ ಹಳದಿಗೆ ತಿರುಗಿರ್ತದೆ. ಮುಗ್ಗಲು ವಾಸನೆಯ ಕಂಬಳಿಗೂ ಬಿಸಿಲು ಸಿಗ್ತದೆ. ಬಾಳೆಗುಳಿ ಕ್ರಾಸಿನಲ್ಲಿ ಹುಬ್ಬಳ್ಳಿ ಲಾರಿಗಳ ಸದ್ದು ಇದ್ದದ್ದೇ. ಆದ್ರೂ ಮಧ್ಯಾಹ್ನ ಜಗಲಿ ಮೇಲೆ ಕೂತ್ರೆ ಕಣ್ಣು ಎಳೀತದೆ.

ಆದ್ರೆ ಹಾಗೆ ಕೂರೋದು ಯಾರು ಹೇಳಿ? ಬೆಳಿಗ್ಗೆ ದೋಸೆ, ಮಧ್ಯಾಹ್ನ ಬಂಗಡೆ ಸಾರು, ಮೇಲೆ ಹುರಿದದ್ದು, ಸಂಜೆಗೆ ನೆಂಟರು. ಎಲ್ಲರಿಗೂ ರಜೆ, ನಮಗೆ ದುಪ್ಪಟ್ಟು ಕೆಲಸ. ಮುಂಬಯಿ ಗಿರಣಿ ಕೆಲಸಗಾರರಿಗೆ ರವಿವಾರದ ರಜೆ ಸಿಕ್ಕಿದ್ದು 1890ರಲ್ಲಿ. ಅದಕ್ಕಾಗಿ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ್ರು. ನಮ್ಮ ಅಡುಗೆಮನೆಗೆ ಮಾತ್ರ ಆ ರಜೆ ಇನ್ನೂ ಬಂದು ಮುಟ್ಟಿಲ್ಲ, ಅಲ್ದಾ?

ಹೋರಾಟ ಎಂತದ್ದೂ ಬ್ಯಾಡ. ರವಿವಾರ ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಸುಟ್ಟ ಒಣಮೀನು, ಮಿಡಿ ಉಪ್ಪಿನಕಾಯಿ ಸಾಕು. ಹಸಿಮೀನೇ ಬೇಕು ಅಂದವರು ತಂದು, ಅವರೇ ಕೊಯ್ದು ತೊಳೀಲಿ. ಉಂಡ ಬಟ್ಟಲು ಉಂಡವರದ್ದೇ. ನೆಂಟರು ಬಂದ್ರೆ ಅವರಿಗೂ ಗಂಜಿ. ಪ್ರೀತಿ ಇದ್ದವರು ಖುಷಿಯಿಂದ್ಲೇ ಉಣ್ತಾರೆ.

‘ಸೋಮಾರಿ’ ಅಂತ ಯಾರಾದ್ರೂ ಅಂದ್ರೆ ಅನ್ಲಿ. ಮನೆಯ ಹೆಣ್ಣುಮಕ್ಕಳು ನಮ್ಮನ್ನೇ ನೋಡಿ ಕಲೀತಾರೆ. ಅಮ್ಮ ಅಂದ್ರೆ ಕೂರದೇ ಇರೋಳು ಅಂತ ಅವರು ಕಲಿಯೋದು ಬ್ಯಾಡ. ಬರೋ ರವಿವಾರ ಅಬ್ಬಲಿಗೆ ಕಟ್ತಾ ಕೂರಿ. ಕಟ್ಟದಿದ್ರೂ ಅಡ್ಡಿಲ್ಲ, ಸುಮ್ನೆ ಕೂರಿ.