ಬೆಳಿಗ್ಗೆ ಎಂಟರೊಳಗೆ ಎಂಟುನೂರು ಪದ

ಪತ್ರಿಕೆಗಳ ಅಭಿಪ್ರಾಯದ ಪುಟದಲ್ಲಿ ಯಾರು ಬರೆಯುತ್ತಾರೆ ಎಂದು ಕೇಳಿದರೆ ‘ವಿಷಯ ಬಲ್ಲವರು’ ಎಂಬ ಉತ್ತರ ಬರುತ್ತದೆ. ನಾನು ಒಪ್ಪುವುದಿಲ್ಲ. ಸಂಜೆ ಏಳೂವರೆಗೆ ಫೋನ್ ಬಂದರೆ ಬೆಳಿಗ್ಗೆ ಎಂಟರೊಳಗೆ ಎಂಟುನೂರು ಪದ ಕಳಿಸಬಲ್ಲವರು ಅಲ್ಲಿ ಬರೆಯುತ್ತಾರೆ. ಆ ಹನ್ನೆರಡೂವರೆ ತಾಸಿನಲ್ಲಿ ಅವರ ಮನೆಯ ರಾತ್ರಿ ಊಟ, ಮಕ್ಕಳ ಹೋಮ್‌ವರ್ಕ್, ಹಿರಿಯರ ಮಾತ್ರೆ, ಮರುದಿನದ ಡಬ್ಬಿ ಎಲ್ಲವನ್ನೂ ಬೇರೆ ಯಾರೋ ನೋಡಿಕೊಂಡಿರುತ್ತಾರೆ. ಸಂಪಾದಕರಿಗೆ ಇದು ಕಾಣುವುದಿಲ್ಲ. ಅವರಿಗೆ ಕಾಣುವುದು ಎರಡೇ: ಸಮಯಕ್ಕೆ ಬಂದ ಲೇಖನ, ಸಮಯಕ್ಕೆ ಬಾರದ ಲೇಖನ.

ಇದರಿಂದ ನಷ್ಟವಾಗುವುದು ಬರೆಯಲಾಗದ ಹೆಂಗಸಿಗೆ ಮಾತ್ರ ಎಂದುಕೊಳ್ಳಬೇಡಿ. ಓದುವ ನಿಮಗೂ ನಷ್ಟವಿದೆ. ಪುಣೆಯದೇ ಒಂದು ಉದಾಹರಣೆ ಕೊಡುತ್ತೇನೆ.

2025ರ ಏಪ್ರಿಲ್ 16ರಂದು ಮಹಾರಾಷ್ಟ್ರ ಸರ್ಕಾರ ಒಂದು ಆದೇಶ ಹೊರಡಿಸಿತು. ಮರಾಠಿ ಮತ್ತು ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಹಿಂದಿ ಮೂರನೇ ಕಡ್ಡಾಯ ಭಾಷೆ ಎಂದಿತು. ಗದ್ದಲವಾಯಿತು. ಜೂನ್ 17ಕ್ಕೆ ತಿದ್ದಿದ ಆದೇಶ ಬಂತು: ಹಿಂದಿ ‘ಸಾಮಾನ್ಯವಾಗಿ’ ಮೂರನೇ ಭಾಷೆ, ಬೇರೆ ಭಾರತೀಯ ಭಾಷೆ ಬೇಕೆಂದರೆ ತರಗತಿಯೊಂದರಲ್ಲಿ ಕನಿಷ್ಠ 20 ಮಕ್ಕಳು ಕೇಳಬೇಕು, ಕೇಳಿದರೆ ಶಿಕ್ಷಕರನ್ನು ಕೊಡುತ್ತೇವೆ, ಇಲ್ಲವೇ ಆನ್‌ಲೈನ್‌ನಲ್ಲಿ ಕಲಿಸುತ್ತೇವೆ. ಜೂನ್ 29ಕ್ಕೆ ಎರಡೂ ಆದೇಶಗಳನ್ನು ಹಿಂದೆಗೆದುಕೊಂಡು ನರೇಂದ್ರ ಜಾಧವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಜುಲೈ 5ರಂದು ಮುಂಬಯಿಯ ವರ್ಲಿಯಲ್ಲಿ ಉದ್ಧವ್ ಮತ್ತು ರಾಜ್ ಠಾಕ್ರೆ ಒಂದೇ ವೇದಿಕೆಯಲ್ಲಿ ವಿಜಯೋತ್ಸವ ಮಾಡಿದರು. ಅಲ್ಲಿಗೆ ವಿಷಯ ಮುಗಿಯಿತು ಎಂದು ಪತ್ರಿಕೆಗಳು ಮುಂದೆ ಹೋದವು.

ಆ 20ರ ಅಂಕಿಯನ್ನು ಒಮ್ಮೆ ನಮ್ಮ ಕಣ್ಣಿನಿಂದ ನೋಡಿ. ನನ್ನ ಮಗನ ಶಾಲೆ ಇಂಗ್ಲಿಷ್ ಮಾಧ್ಯಮದ್ದು. 2020ರ ಕಾನೂನಿನ ಪ್ರಕಾರ ಮರಾಠಿ ಎಲ್ಲ ಶಾಲೆಗಳಲ್ಲೂ ಕಡ್ಡಾಯ; ಇದ್ದ ಊರಿನ ಭಾಷೆ ಕಲಿಯಲೇಬೇಕು, ಅದರಲ್ಲಿ ತಕರಾರಿಲ್ಲ. ಉಳಿದದ್ದು ಆ ಮೂರನೇ ಜಾಗ. ಕನ್ನಡ ಶಾಲೆಯೊಳಗೆ ಕಾಲಿಡಲು ಸಾಧ್ಯವಿದ್ದ ಒಂದೇ ಕಿಟಕಿ ಅದು. ಅವನ ತರಗತಿಯಲ್ಲಿ ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳು ಮೂವರು. ನಮ್ಮ ಸೊಸೈಟಿಯಲ್ಲಿ ಕನ್ನಡದ ಮನೆಗಳು ಮೂವತ್ತಕ್ಕೂ ಹೆಚ್ಚು, ಆದರೆ ಆ ಮಕ್ಕಳು ಹೋಗುವುದು ಆರೇಳು ಬೇರೆ ಬೇರೆ ಶಾಲೆಗಳಿಗೆ. ಒಂದೇ ಶಾಲೆಯ ಒಂದೇ ತರಗತಿಯಲ್ಲಿ 20 ಜನ ಎನ್ನುವುದು ಕಿಟಕಿ ತೆರೆದಿಟ್ಟು ಸರಳು ಹಾಕಿದ ಹಾಗೆ. ಕೇಳಬೇಕಾಗಿದ್ದದ್ದು ಇಷ್ಟು: ಲೆಕ್ಕವನ್ನು ತರಗತಿಗೆ ಬದಲು ಶಾಲೆಗೆ, ಅದೂ ಸಾಲದಿದ್ದರೆ ಒಂದು ವಾರ್ಡಿಗೆ ಮಾಡಿ, ಹೇಗೂ ಆನ್‌ಲೈನ್ ಪಾಠ ಎಂದಿದ್ದೀರಲ್ಲ, ಅದಕ್ಕೆ ಗೋಡೆ ಯಾಕೆ?

ನಮ್ಮ ಮನೆಗೆಲಸಕ್ಕೆ ಬರುವ ಮಾವಶಿ ಅಫಜಲಪುರದ ಕಡೆಯವರು. ಮೊಮ್ಮಗಳು ಮಹಾನಗರಪಾಲಿಕೆಯ ಮರಾಠಿ ಶಾಲೆಗೆ ಹೋಗುತ್ತಾಳೆ. ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: “ಅಕ್ಕಾರ, ಆ ಇಪ್ಪತ್ತು ಮಂದಿ ಹೆಸರು ಯಾರು ಬರಕೋಬೇಕು?” ಆ ಹದಿನೈದು ದಿನಗಳಲ್ಲಿ ನಾನು ಓದಿದ ಕನ್ನಡದ ಲೇಖನಗಳಲ್ಲಿ ಈ ಪ್ರಶ್ನೆ ಎಲ್ಲಿಯೂ ಇರಲಿಲ್ಲ. ಹಿಂದಿ ಹೇರಿಕೆಯ ಇತಿಹಾಸವಿತ್ತು, ಒಕ್ಕೂಟ ವ್ಯವಸ್ಥೆಯಿತ್ತು, ತಮಿಳುನಾಡಿನ ಉದಾಹರಣೆಯಿತ್ತು. ಎಲ್ಲವೂ ಸರಿಯೇ. ಆದರೆ ಪುಣೆಯಲ್ಲಿರುವ ಒಂದು ಕನ್ನಡದ ಮಗುವಿಗೆ ಆ ಆದೇಶದಿಂದ ಏನಾಗುತ್ತಿತ್ತು ಎಂಬ ಒಂದು ಸಾಲೂ ಇರಲಿಲ್ಲ.

ಆ ಸಾಲು ಬರೆಯಬಲ್ಲವರು ಆಗ ಏನು ಮಾಡುತ್ತಿದ್ದರು? ಜೂನ್ 16ಕ್ಕೆ ಶಾಲೆ ಶುರುವಾಗಿತ್ತು. ಪುಸ್ತಕಗಳಿಗೆ ಖಾಕಿ ರಟ್ಟು ಹಾಕುತ್ತಿದ್ದರು, ರೇನ್‌ಕೋಟ್ ಹುಡುಕುತ್ತಿದ್ದರು. ನನ್ನ ಅತ್ತೆಗೆ ಕಣ್ಣಿನ ಪೊರೆ ತೆಗೆಸಿ ನಾಲ್ಕು ದಿನವಾಗಿತ್ತು. ಎರಡು ಬಗೆಯ ಹನಿ, ಗಂಟೆ ನೋಡಿ ಹಾಕಬೇಕು. ಜೂನ್ 20ರ ಶುಕ್ರವಾರ ಪಾಲಖಿಗಳು ಪುಣೆಗೆ ಬಂದವು, ರಸ್ತೆಗಳು ಮುಚ್ಚಿದವು, ಹಿಂಜವಡಿಯಿಂದ ನನ್ನ ಗಂಡ ಮನೆ ಮುಟ್ಟಿದಾಗ ಹತ್ತು ಗಂಟೆ. ಅದೇ ಸಂಜೆ ಒಂದು ಪತ್ರಿಕೆಯಿಂದ ಫೋನ್ ಬಂತು: “ಮೇಡಂ, ನೀವು ಅಲ್ಲೇ ಇದ್ದೀರಿ, ನಾಳೆ ಬೆಳಿಗ್ಗೆ ಎಂಟರೊಳಗೆ ಒಂದು ಎಂಟುನೂರು ಪದ ಕೊಡ್ತೀರಾ?” ಸೋಮವಾರ ಕೊಡುತ್ತೇನೆ ಎಂದೆ. “ಸೋಮವಾರಕ್ಕೆ ವಿಷಯ ಆರಿಹೋಗಿರುತ್ತೆ ಮೇಡಂ” ಎಂದರು. ಭಾನುವಾರ ಬೇರೆಯವರ ಲೇಖನ ಬಂತು. ಸೋಮವಾರ ನಾನು ಹೇಳಿದಂತೆ ಕಳಿಸಿದೆ, ಜಾಗವಿಲ್ಲ ಎಂದರು. ಮುಂದಿನ ಸೋಮವಾರ ಕೇಳಿದೆ. ಆದೇಶವೇ ಹೋಯಿತಲ್ಲ ಎಂದರು.

ಸಮಿತಿ ನೇಮಕವಾಗಿದೆ ಎಂದರೆ ನಿಜವಾದ ಕಡತ ಆಗತಾನೇ ತೆರೆದಿದೆ ಎಂದರ್ಥ. ಯಾರ ಮಾತು ಕೇಳಬೇಕು, ಎಷ್ಟು ಮಕ್ಕಳಿಗೆ ಯಾವ ಭಾಷೆ ಎಂದು ಕೂತು ಯೋಚಿಸುವ ಕಾಲ ಅದು. ಲೇಖನ ಆಗ ಬೇಕು. ನಮ್ಮ ಪುಟಗಳು ಸರಿಯಾಗಿ ಆ ದಿನವೇ ಬಾಗಿಲು ಹಾಕುತ್ತವೆ. ‘ಸಕಾಲಿಕ’ ಎಂಬ ಪದವನ್ನು ನಾವು ‘ಬೇಗ’ ಎಂಬ ಅರ್ಥದಲ್ಲಿ ಬಳಸಿ ಬಳಸಿ ಹಾಳು ಮಾಡಿದ್ದೇವೆ. ಸರಿಯಾದ ಕಾಲಕ್ಕೆ ಬಂದದ್ದು ಸಕಾಲಿಕ, ಎಲ್ಲರಿಗಿಂತ ಮೊದಲು ಬಂದದ್ದು ಬರೀ ಮೊದಲು ಬಂದದ್ದು.

ಇದನ್ನು ಹೇಳಲು ಪುಣೆಗಿಂತ ಒಳ್ಳೆಯ ಊರಿಲ್ಲ. 1881ರಲ್ಲಿ ಸೂರತ್‌ನಲ್ಲಿ ವಿಜಯಲಕ್ಷ್ಮಿ ಎಂಬ ಬ್ರಾಹ್ಮಣ ವಿಧವೆಗೆ ಶಿಶುಹತ್ಯೆಯ ಆರೋಪದ ಮೇಲೆ ಗಲ್ಲು ಶಿಕ್ಷೆಯಾಯಿತು, ಮೇಲ್ಮನವಿಯಲ್ಲಿ ಅದು ಇಳಿಯಿತು. ಆ ಹೊತ್ತಿಗೆ ‘ಪುಣೆ ವೈಭವ’ ಎಂಬ ಪತ್ರಿಕೆ ಹೆಂಗಸರ ನಡತೆಯನ್ನೇ ಹೀಯಾಳಿಸಿ ಬರೆಯಿತು. ಅದಕ್ಕೆ ಉತ್ತರವಾಗಿ ಬುಲಢಾಣಾದ ತಾರಾಬಾಯಿ ಶಿಂದೆ ‘ಸ್ತ್ರೀ ಪುರುಷ ತುಲನಾ’ ಬರೆದರು. ಅದು ಪುಣೆಯಲ್ಲಿ ಅಚ್ಚಾದದ್ದು 1882ರಲ್ಲಿ. ಇಂದಿನ ಸಂಪಾದಕರಾದರೆ ವಿಷಯ ಹಳತಾಯಿತು ಎನ್ನುತ್ತಿದ್ದರು. ಸಮಯಕ್ಕೆ ಸರಿಯಾಗಿ ಬಂದ ‘ಪುಣೆ ವೈಭವ’ದ ಬರಹ ಇವತ್ತು ಯಾರಿಗೆ ನೆನಪಿದೆ? ಅದರ ಹೆಸರು ಉಳಿದಿದ್ದರೆ ತಾರಾಬಾಯಿ ಅದಕ್ಕೆ ಉತ್ತರ ಕೊಟ್ಟರು ಎಂಬ ಕಾರಣಕ್ಕೆ.

ಹಾಗಾದರೆ ಲೋಕಮಾನ್ಯರು, ಎಂದು ಕೆಲವರು ಕೇಳುತ್ತಾರೆ. ಮನೆಯಲ್ಲಿ ಸಾವಾದ ದಿನವೂ ತಿಲಕರು ‘ಕೇಸರಿ’ಯ ಅಗ್ರಲೇಖನ ತಪ್ಪಿಸಲಿಲ್ಲ ಎಂಬ ಕಥೆಯನ್ನು ಈ ಊರಿನಲ್ಲಿ ಬರೆಯುವ ಪ್ರತಿಯೊಬ್ಬರೂ ಒಮ್ಮೆಯಾದರೂ ಕೇಳಿರುತ್ತಾರೆ. ತಿಲಕರ ಬಗ್ಗೆ ನನಗೆ ಗೌರವವಿದೆ. ಬರೆದದ್ದಕ್ಕೆ ಜೈಲಿಗೆ ಹೋದವರು ಅವರು. ಆದರೆ ಆ ಕಥೆ ಹೇಳುವವರು ಅಂದು ಮನೆಯ ಒಲೆಯ ಮುಂದೆ ಯಾರಿದ್ದರು ಎಂದು ಹೇಳುವುದಿಲ್ಲ. ಇನ್ನೊಂದು ಸಂಗತಿ ನೋಡಿ. ‘ಗೀತಾರಹಸ್ಯ’ವನ್ನು ಅವರು ಬರೆದದ್ದು 1910-11ರ ಚಳಿಗಾಲದಲ್ಲಿ, ಮಂಡಾಲೆಯ ಸೆರೆಮನೆಯಲ್ಲಿ. ಅಲ್ಲಿಯೂ ಅಡಿಗೆ ಮಾಡಿ ಹಾಕಲು ಒಬ್ಬ ಕೈದಿಯನ್ನು ಕೊಟ್ಟಿದ್ದರು. 1912ರಲ್ಲಿ ಪುಣೆಯಲ್ಲಿ ಹೆಂಡತಿ ಸತ್ಯಭಾಮಾಬಾಯಿ ತೀರಿಕೊಂಡಾಗ ಅವರಿನ್ನೂ ಮಂಡಾಲೆಯಲ್ಲೇ ಇದ್ದರು. ಸೆರೆಮನೆಯಲ್ಲಿದ್ದ ಗಂಡಸಿಗೂ ಸಿಕ್ಕ ಒಂದು ಅನುಕೂಲ ಸ್ವಂತ ಮನೆಯಲ್ಲಿರುವ ಹೆಂಗಸಿಗೆ ಇಲ್ಲ ಎಂದರೆ, ದೋಷವನ್ನು ಅವಳ ಶಿಸ್ತಿನಲ್ಲಿ ಹುಡುಕಬಾರದು.

ನಮ್ಮ ಕನ್ನಡದ ಚರಿತ್ರೆಯೂ ಇದನ್ನೇ ಹೇಳುತ್ತದೆ. ‘ಕರ್ನಾಟಕ ನಂದಿನಿ’ ನಡೆಸಿದ ನಂಜನಗೂಡು ತಿರುಮಲಾಂಬ, ‘ಸರಸ್ವತಿ’ಯನ್ನು ನಲವತ್ತು ವರ್ಷಕ್ಕೂ ಮೀರಿ ನಡೆಸಿದ ಆರ್. ಕಲ್ಯಾಣಮ್ಮ, ಇಬ್ಬರೂ ಬಾಲವಿಧವೆಯರು. ತಾರಾಬಾಯಿಗೂ ಮಕ್ಕಳಿರಲಿಲ್ಲ. ಅವರ ಪ್ರತಿಭೆಗೆ ಇದು ಕಾರಣ ಎಂದು ನಾನು ಹೇಳುತ್ತಿಲ್ಲ. ಆ ಕಾಲದ ಸಮಾಜ ಅವರಿಗೆ ಕೊಟ್ಟ ನೋವು ಸಣ್ಣದಲ್ಲ. ಕೇಳುವುದು ಇಷ್ಟೇ: ಅದೇ ಕಾಲದಲ್ಲಿ ನಾಲ್ಕು ಮಕ್ಕಳನ್ನು ಸಾಕಿದ ಹೆಂಗಸರಲ್ಲಿ ಎಷ್ಟು ಜನರ ಪತ್ರಿಕೆ ಹುಟ್ಟದೇ ಹೋಯಿತು?

ಈಗಿನ ಲೆಕ್ಕವೂ ಇದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಅದೇ ಕೆಲಸದಲ್ಲಿ ತೊಡಗುವ ಗಂಡಸರು 88 ನಿಮಿಷ. ವ್ಯತ್ಯಾಸ 201 ನಿಮಿಷ, ಅಂದರೆ ಮೂರು ಗಂಟೆ ಇಪ್ಪತ್ತು ನಿಮಿಷಕ್ಕಿಂತ ಒಂದು ನಿಮಿಷ ಹೆಚ್ಚು. ನನಗೆ ಎಂಟುನೂರು ಪದ ಬರೆಯಲು ಹಿಡಿಯುವ ಹೊತ್ತು ಹೆಚ್ಚುಕಡಿಮೆ ಅಷ್ಟೇ. ಕಳೆದುಹೋದ ಲೇಖನ ಎಲ್ಲಿದೆ ಎಂದು ಹುಡುಕುವವರು ಆ 201 ನಿಮಿಷದಲ್ಲಿ ನೋಡಬೇಕು.

ಗಂಡ ಸಹಾಯ ಮಾಡುವುದಿಲ್ಲವೇ ಎಂದು ಕೇಳುತ್ತೀರಿ. ಮಾಡುತ್ತಾನೆ, ಒಳ್ಳೆಯವನು. ಆದರೆ ಒಂದು ಹೋಲಿಕೆ ಮಾಡಿ. ಅವನಿಗೆ ಆಫೀಸಿನಲ್ಲಿ ರಿಲೀಸ್ ಇದ್ದ ರಾತ್ರಿ ಮನೆ ತಾನಾಗಿ ಮೆತ್ತಗಾಗುತ್ತದೆ. ಟಿ.ವಿ. ಸದ್ದು ಇಳಿಯುತ್ತದೆ, ಬಾಗಿಲು ಮುಚ್ಚುತ್ತದೆ, “ಅಪ್ಪಗ ಕೆಲಸ ಐತಿ, ಗದ್ಲ ಮಾಡಬ್ಯಾಡ” ಎಂದು ಅತ್ತೆಯೇ ಮೊಮ್ಮಗನಿಗೆ ಹೇಳುತ್ತಾರೆ. ನಾನು ಲೇಖನಕ್ಕೆ ಕೂತ ರಾತ್ರಿ ಅದೇ ಅತ್ತೆ ಪ್ರೀತಿಯಿಂದಲೇ ಕೇಳುತ್ತಾರೆ: “ಇನ್ನೂ ಎಷ್ಟೊತ್ತವಾ ನಿಂದು?” ಅವರಿಗೆ ನನ್ನ ಮೇಲೆ ಸಿಟ್ಟಿಲ್ಲ. ದುಡ್ಡು ತರುವ ಕೆಲಸಕ್ಕೆ ಮನೆ ಗಡುವು ಒಪ್ಪುತ್ತದೆ, ತಾರದ ಕೆಲಸಕ್ಕೆ ಒಪ್ಪುವುದಿಲ್ಲ. ಆದ್ದರಿಂದ ಗೌರವಧನವಿಲ್ಲದೆ ರಾತ್ರೋರಾತ್ರಿ ಲೇಖನ ಕೇಳುವ ಪತ್ರಿಕೆ, ಮನೆಯೊಳಗೆ ನಮ್ಮ ಕೈಯನ್ನೇ ಕಟ್ಟಿ ಕಳಿಸುತ್ತದೆ.

ವಲಸೆ ಬಂದ ನಮಗೆ ಇನ್ನೊಂದು ಕೊರತೆ. ಧಾರವಾಡದಲ್ಲಿದ್ದಿದ್ದರೆ ಮಗುವನ್ನು ಎರಡು ತಾಸು ಪಕ್ಕದ ಓಣಿಯ ಚಿಕ್ಕಮ್ಮನ ಮನೆಗೆ ಕಳಿಸಬಹುದಿತ್ತು. ಇಲ್ಲಿ ಚಿಕ್ಕಮ್ಮ ಒಂದು ರಾತ್ರಿ ಬಸ್ಸಿನಷ್ಟು ದೂರ. ನನ್ನ ಬರಹದ ಹೊತ್ತು ಹುಟ್ಟುವುದು ಮಾವಶಿ ಪಾತ್ರೆ ತೊಳೆಯುವ ಒಂದು ತಾಸಿನಲ್ಲಿ. ಆ ತಾಸಿಗೆ ಅವರ ಮನೆಯ ಪಾತ್ರೆ ಕಾದಿರುತ್ತದೆ. ಈ ಸಾಲಿನ ಕಟ್ಟಕಡೆಯಲ್ಲಿ ನಿಂತವರ ಮಾತು ನಮ್ಮಂಥವರ ಬಾಯಿಂದಲೂ ಬರದಿದ್ದರೆ ಇನ್ನು ಎಲ್ಲಿಂದ ಬರಬೇಕು?

ಇದೆಲ್ಲ ಹೇಳಿದಾಗ ಸಿಗುವ ಸಮಾಧಾನ ಒಂದೇ: “ಅಬ್ಬಾ, ಎರಡೂ ನಿಭಾಯಿಸ್ತೀರಲ್ಲ!” ದಯವಿಟ್ಟು ಈ ಹೊಗಳಿಕೆ ನಿಲ್ಲಿಸಿ. ಸಂತೆಯಲ್ಲಿ ಹಗ್ಗದ ಮೇಲೆ ನಡೆಯುವ ಹುಡುಗಿಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಹಗ್ಗ ಕಟ್ಟಿದವರು ಯಾರು ಎಂದು ಕೇಳುವುದಿಲ್ಲ. ‘ಎರಡೂ ನಿಭಾಯಿಸುವ’ ಗಂಡಸು ಲೇಖಕನ ಬಗ್ಗೆ ಯಾವುದಾದರೂ ಸನ್ಮಾನದಲ್ಲಿ ಮಾತು ಕೇಳಿದ್ದೀರಾ?

ದೂರಿ ಸುಮ್ಮನಾಗುವುದು ನನಗೆ ಬೇಕಿಲ್ಲ. ನಮ್ಮ ಈ ಪತ್ರಿಕೆಯೂ ಸೇರಿದಂತೆ ಕನ್ನಡದ ಎಲ್ಲ ಸಂಪಾದಕರಲ್ಲಿ ನಾಲ್ಕು ಬೇಡಿಕೆಗಳಿವೆ.

ಒಂದು, ಸುದ್ದಿಯ ಮರುದಿನದ ಪುಟ ನಿಮಗಿರಲಿ. ಅದೇ ವಿಷಯಕ್ಕೆ ಎರಡನೇ ವಾರದಲ್ಲಿ ಇನ್ನೊಂದು ಪುಟ ಕಾಯ್ದಿರಿಸಿ. ಬೆಂಕಿ ಆರಿಸುವ ವರದಿ ಅವತ್ತೇ ಬೇಕು. ಶಾಲೆ, ಭಾಷೆ, ಬಾಡಿಗೆ, ಆಸ್ಪತ್ರೆಯ ಬಗೆಗಿನ ವಿಚಾರ ಹತ್ತು ದಿನಕ್ಕೆ ಹಳಸುವುದಿಲ್ಲ.

ಎರಡು, ಎಂಟುನೂರು ಪದವೇ ಆಗಬೇಕೆಂಬ ಹಟ ಬಿಡಿ. ಮುನ್ನೂರು ಪದ ಸಾಕು. ಅದೂ ಆಗದವರಿಂದ ಫೋನಿನಲ್ಲಿ ದನಿಮುದ್ರಿಕೆ ತೆಗೆದುಕೊಳ್ಳಿ, ಬರೆದು ತೋರಿಸಿ ಒಪ್ಪಿಗೆ ಪಡೆಯಿರಿ. ರೊಟ್ಟಿ ಬಡಿಯುವಾಗ ಕೈ ಬಿಡುವಿರುವುದಿಲ್ಲ, ಬಾಯಿ ಬಿಡುವಿರುತ್ತದೆ. ಹೀಗೆ ಮಾಡಿದರೆ ಮಾವಶಿಯ ಪ್ರಶ್ನೆ ಅವರದೇ ಹೆಸರಿನಲ್ಲಿ ಅಚ್ಚಾಗಬಹುದು.

ಮೂರು, ಗೌರವಧನ ಕೊಡಿ. ಐನೂರು ರೂಪಾಯಿಯಾದರೂ ಸರಿ. ಅದು ಒಂದು ಸಂಜೆಯ ಅಡಿಗೆಯನ್ನು ಹೊರಗಿನಿಂದ ತರಿಸುತ್ತದೆ, ಜೊತೆಗೆ ಮನೆಯಲ್ಲಿ ಆ ಕೆಲಸಕ್ಕೆ ಕೆಲಸ ಎಂಬ ಹೆಸರು ತರುತ್ತದೆ.

ನಾಲ್ಕನೆಯದು ಬರೆಯುವ ಗಂಡಸರಿಗೆ. ಎಲ್ಲ ವಿಷಯಕ್ಕೂ ಫೋನ್ ನಿಮಗೇ ಬರುತ್ತದೆ, ಏಕೆಂದರೆ ನೀವು ಬೆಳಿಗ್ಗೆ ಎಂಟಕ್ಕೆ ಕೊಡುತ್ತೀರಿ. ಮುಂದಿನ ಬಾರಿ ಒಮ್ಮೆಯಾದರೂ “ಇದು ನನಗಿಂತ ಇಂಥವರಿಗೆ ಗೊತ್ತು, ಅವರಿಗೆ ಮೂರು ದಿನ ಕೊಡಿ” ಎನ್ನಿ. ಆ ಮೂರು ದಿನ ನಿಮ್ಮ ಮನೆಯವಳದೇ ಆಗಿದ್ದರೆ, ಹನಿ ಹಾಕುವ ಗಂಟೆಯನ್ನು ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಿ.

ಆ ತಿದ್ದಿದ ಆದೇಶ ಬದುಕಿದ್ದು ಹನ್ನೆರಡು ದಿನ. ನಮ್ಮ ಮಕ್ಕಳು ಶಾಲೆಗೆ ಹೋಗುವುದು ಹನ್ನೆರಡು ವರ್ಷ. ಯಾವ ಹನ್ನೆರಡಕ್ಕೆ ನಮ್ಮ ಪುಟಗಳು ಗಡಿಯಾರ ಹೊಂದಿಸಿಕೊಳ್ಳಬೇಕು ಎಂಬುದನ್ನು ಸಂಪಾದಕರು ತೀರ್ಮಾನಿಸಲಿ. ತೀರ್ಮಾನಿಸಲು ಅವರು ಸೋಮವಾರದವರೆಗೂ ಸಮಯ ತೆಗೆದುಕೊಳ್ಳಬಹುದು.