ಕಳೆದುಕೊಂಡು ಬೆಳೆಯುವ ಕೋಶ

ಸ್ತನ ಕ್ಯಾನ್ಸರ್ ಕೋಶಗಳಲ್ಲಿ ವರ್ಣತಂತುಗಳ ಲೆಕ್ಕ ತಪ್ಪಿರುತ್ತದೆ. ಒಂದರ ತೋಳೇ ಇರುವುದಿಲ್ಲ, ಇನ್ನೊಂದು ಇಡಿಯಾಗಿ ನಾಪತ್ತೆ. ಇದು ರೋಗದ ಮೂಲವೋ, ರೋಗ ತಂದ ಅವಾಂತರವೋ? ಮೂಲವೆಂದೇ 1914ರಲ್ಲಿ ಜರ್ಮನಿಯ ಜೀವಶಾಸ್ತ್ರಜ್ಞ ಥಿಯೋಡೋರ್ ಬೋವೆರಿ ವಾದಿಸಿದರು. ಆದರೆ ವರ್ಣತಂತು ಕಳೆದುಕೊಂಡ ಕೋಶ ಸಾಮಾನ್ಯವಾಗಿ ಸೊರಗುತ್ತದೆ, ಇಲ್ಲವೇ ಸಾಯುತ್ತದೆ. ಹಾಗಿದ್ದ ಮೇಲೆ ನಷ್ಟದಿಂದ ಗಡ್ಡೆ ಬೆಳೆಯುವುದೆಂತು?

ಇಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗಿವೆ ಎಂದು ನನಗನಿಸುತ್ತದೆ. ನಷ್ಟವಾಗುವುದು ಆಕಸ್ಮಿಕ, ಅದು ಉಳಿದುಕೊಳ್ಳುವುದು ಆಕಸ್ಮಿಕವಲ್ಲ.

ಕೋಶ ಇಬ್ಭಾಗವಾಗುವಾಗ ಹಿಂದೆ ಉಳಿದ ವರ್ಣತಂತು ಪುಟ್ಟದೊಂದು ಪ್ರತ್ಯೇಕ ಕೋಶಕೇಂದ್ರದಲ್ಲಿ ಸಿಕ್ಕಿ ಚೂರುಚೂರಾಗಬಹುದು. ವರ್ಣತಂತುಗಳ ಸವೆದ ಅಥವಾ ಮುರಿದ ತುದಿಗಳು ಒಂದಕ್ಕೊಂದು ಅಂಟಿ, ಎಳೆದಾಟದಲ್ಲಿ ಹರಿಯಬಹುದು. ತಳಿವಿಜ್ಞಾನಿ ಬಾರ್ಬರಾ ಮೆಕ್ಲಿಂಟಾಕ್ ಮೆಕ್ಕೆಜೋಳದಲ್ಲಿ ಕಂಡದ್ದು ಮುರಿದ ತುದಿಗಳ ಈ ಆಟವನ್ನೇ. ಈಸ್ಟ್ರೋಜನ್‌ಗೆ ಸ್ಪಂದಿಸುವ ಗಡ್ಡೆಗಳಲ್ಲಿ ಮತ್ತೊಂದು ಬಗೆ ಪದೇ ಪದೇ ಕಾಣುತ್ತದೆ: 1 ಮತ್ತು 16ನೇ ವರ್ಣತಂತುಗಳ ತೋಳುಗಳು ಬೆಸೆದುಕೊಂಡು, ಒಂದನೆಯದರ ಉದ್ದತೋಳು ಹೆಚ್ಚಾಗಿ, ಹದಿನಾರನೆಯದರ ಉದ್ದತೋಳು ಕಡಿಮೆಯಾಗುತ್ತದೆ. ಇಂಥ ಬೆಸುಗೆ ಹರೆಯದ ಆಸುಪಾಸಿನಲ್ಲೇ ಆಗಿರಬಹುದೆಂದು 2023ರಲ್ಲಿ ಜಪಾನಿನ ಸಂಶೋಧಕರು ಲೆಕ್ಕ ಹಾಕಿದರು. ರೋಗ ಪತ್ತೆಯಾಗುವುದು ದಶಕಗಳ ನಂತರ. ಅಂದರೆ ನಷ್ಟವೊಂದೇ ಸಾಲದು.

ಮತ್ತೇನು ಬೇಕು? ಆ ಹದಿನಾರರ ಉದ್ದತೋಳಿನಲ್ಲೇ ಕೋಶಕ್ಕೆ ಕೋಶ ಅಂಟಿಸುವ ಇ-ಕ್ಯಾಡ್ಹೆರಿನ್ ಪ್ರೋಟೀನಿನ ಜೀನ್ ಇದೆ. ತೋಳು ಹೋದರೂ ಜೋಡಿಯ ಇನ್ನೊಂದು ಪ್ರತಿ ಕೆಲಸ ಮಾಡುತ್ತಿರುತ್ತದೆ. ಅದೂ ಕೆಟ್ಟರೆ ಅಂಟು ಬಿಡುತ್ತದೆ. ಹೀಗಾಗುವ ಲೋಬ್ಯುಲರ್ ಎಂಬ ಬಗೆಯ ಸ್ತನ ಕ್ಯಾನ್ಸರಿನ ಸ್ಲೈಡನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಕೋಶಗಳು ಗುಂಪುಗೂಡದೆ, ಒಂದರ ಹಿಂದೊಂದು ಸಾಲುಗಟ್ಟಿ ನುಸುಳಿರುತ್ತವೆ. ಎಷ್ಟೋ ಸಲ ಕೈಗೆ ಗಂಟು ಸಿಗದಿರುವುದು ಇದರಿಂದಲೇ. 17ರ ಗಿಡ್ಡತೋಳು ಹೋದಾಗಲೂ ಹೀಗೆಯೇ: ಹಾಳಾದ ಕೋಶವನ್ನು ತಡೆಯುವ ಪಿ53ರ ಒಂದು ಪ್ರತಿ ಹೋಗುತ್ತದೆ, ಉಳಿದದ್ದೂ ಕೆಟ್ಟರೆ ಮುಂದಿನ ನಷ್ಟಗಳನ್ನು ಕೇಳುವವರಿಲ್ಲ.

ಹಾಗೆಂದು ನಷ್ಟವೆಲ್ಲ ಒಂದೇ ತೂಕದ್ದಲ್ಲ. 16ರ ತೋಳಿಲ್ಲದ ಗಡ್ಡೆಗಳಲ್ಲಿ ಹೆಚ್ಚಿನವು ನಿಧಾನಗತಿಯವು. 8ರ ಗಿಡ್ಡತೋಳು ಹೋದರೆ ಕೋಶ ಬೇಗ ವೃದ್ಧಿಯಾಗದಿದ್ದರೂ ಸುತ್ತಲಿಗೆ ನುಗ್ಗುವ ಗುಣ ಹೆಚ್ಚುವುದು ಪ್ರಯೋಗಗಳಲ್ಲಿ ಕಂಡಿದೆ.

ನಷ್ಟ ಗಡ್ಡೆಗೇ ಮುಳುವಾಗುವುದೂ ಉಂಟು. ಹುಟ್ಟಿನಿಂದಲೇ ಬಿಆರ್‌ಸಿಎ ಜೀನಿನ ಒಂದು ಪ್ರತಿ ಕೆಟ್ಟಿರುವವರಲ್ಲಿ ಇನ್ನೊಂದೂ ಹೋದರೆ, ಕೋಶಕ್ಕೆ ಡಿಎನ್‌ಎಯ ದೊಡ್ಡ ಮುರಿತಗಳನ್ನು ಸರಿಯಾಗಿ ಬೆಸೆಯಲಾಗುವುದಿಲ್ಲ. ಗಡ್ಡೆಗೆ ದಾರಿ ಮಾಡಿಕೊಟ್ಟ ಈ ಕೊರತೆಯನ್ನೇ ಓಲಾಪರಿಬ್ ಔಷಧ ಹಿಡಿದು ಹೊಡೆಯುತ್ತದೆ. ಆಗ ಕೆಲವು ಕೋಶಗಳು ಹೊಸ ಉತ್ಪರಿವರ್ತನೆಯಿಂದ ಕೆಟ್ಟ ಜೀನಿನ ಕೆಲಸವನ್ನು ಮತ್ತೆ ಗಳಿಸಿಕೊಂಡು ಔಷಧದಿಂದ ಪಾರಾಗುತ್ತವೆ.