ಸಿಗಡಿ ನಮ್ಮದು, ಸಲಾಡ್ ಮಾತ್ರ ಯಾಕೆ ದುಬಾರಿ?

ಊಟದ ಹೆಸರಿನ ಹಿಂದೆ ‘ಲೋ ಕಾರ್ಬ್’ ಎಂದು ಸೇರಿಸಿದರೆ ಸಾಕು, ಬೆಲೆ ತಾನಾಗಿಯೇ ಮೇಲೇರುತ್ತದೆ. ಬೆಂಗಳೂರಿನ ಕೆಫೆಯೊಂದರ ಮೆನುವಿನಲ್ಲಿ ‘ಕ್ರೀಮಿ ಲೋ ಕಾರ್ಬ್ ಸೀಫುಡ್ ಸಲಾಡ್’ ಎಂದಿತ್ತು. ನಾನೂರು ರೂಪಾಯಿಯ ಮೇಲೆ, ತೆರಿಗೆ ಬೇರೆ. ವಿಜಯನಗರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನ್ನಂಥವರಿಗೆ ಅದು ನಾಲ್ಕೈದು ಮಧ್ಯಾಹ್ನದ ಊಟದ ದುಡ್ಡು. ಪಕ್ಕದ ಟೇಬಲ್ಲಿಗೆ ಬಂದ ಬೌಲನ್ನು ಕದ್ದು ನೋಡಿದೆ. ಐದಾರು ಸಿಗಡಿ, ಕೆಂಪು ಅಂಚಿನ ಬಿಳಿ ಕಡ್ಡಿಯ ತುಂಡುಗಳು, ಒಂದಿಷ್ಟು ಎಲೆ, ಮೇಲೆ ಧಾರಾಳವಾಗಿ ಮೇಯನೇಸ್.

ಕುಂದಾಪುರದವರಿಗೆ ಚಟ್ಲಿ, ತುಳುವರಿಗೆ ಎಟ್ಟಿ, ಪೇಟೆಯವರಿಗೆ ಸಿಗಡಿ. ಹೆಸರು ಏನೇ ಇರಲಿ, ಕರಾವಳಿಯ ಮಕ್ಕಳಿಗೆ ಅದು ಹೊಸದಲ್ಲ. ಹಾಗಿದ್ದೂ ಊರು ಬಿಟ್ಟು ಬಂದ ಮೇಲೆ ನಾವು ಅದನ್ನು ಯಾರೋ ಬೌಲಿಗೆ ಹಾಕಿ ಕೊಟ್ಟಾಗ ಮಾತ್ರ ತಿನ್ನುವ ವಸ್ತುವಾಗಿ ಮಾಡಿಕೊಂಡಿದ್ದೇವೆ. ಈ ಸಲಾಡನ್ನು ನಾನು ತೆಗಳುವುದಿಲ್ಲ. ಅದು ನಿಜಕ್ಕೂ ಒಳ್ಳೆಯ ಊಟ. ಆದರೆ ಹೊರಗೆ ಕೊಂಡಾಗ ಅದು ಹೆಸರಿಗೆ ಮಾತ್ರ ಲೋ ಕಾರ್ಬ್ ಆಗಿರುವ ಸಾಧ್ಯತೆ ದೊಡ್ಡದು. ನಾವೇ ಮಾಡಿಕೊಂಡರೆ ಒಳಗೆ ಏನಿದೆ ಎನ್ನುವುದು ಗೊತ್ತಿರುತ್ತದೆ, ಇಬ್ಬರ ಹೊಟ್ಟೆಯೂ ತುಂಬುತ್ತದೆ.

ಕಾರ್ಬ್ ಬಗ್ಗೆ ನಮಗ್ಯಾಕೆ ತಲೆಬಿಸಿ, ಅದು ಜಿಮ್ಮಿಗೆ ಹೋಗುವವರ ಚಿಂತೆ ಎನ್ನಬಹುದು. ನಮ್ಮ ಮನೆಯ ಲೆಕ್ಕ ಬೇರೆ. ಅಪ್ಪ ಇಪ್ಪತ್ತು ವರ್ಷ ಗಂಗೊಳ್ಳಿಯಿಂದ ಬೋಟಿಗೆ ಹೋದವರು. ಬಲೆ ಎಳೆದು ಬಂದವರಿಗೆ ಕುಚ್ಚಲಕ್ಕಿ ಅನ್ನ ಬೆಟ್ಟದಷ್ಟು ಬೇಕಿತ್ತು, ಅಷ್ಟೂ ಕರಗುತ್ತಿತ್ತು. ಬೆನ್ನುನೋವು ಬಂದ ಮೇಲೆ ದಡದಲ್ಲಿ ಕೂತು ಬಲೆ ರಿಪೇರಿ ಮಾಡುತ್ತಿದ್ದಾರೆ. ಕೆಲಸ ಬದಲಾಯಿತು, ಅನ್ನದ ರಾಶಿ ಬದಲಾಗಲಿಲ್ಲ. ಎರಡು ವರ್ಷದ ಹಿಂದೆ ಶುಗರ್ ಬಂದಿದೆ ಎಂದು ಡಾಕ್ಟರ್ ಹೇಳಿದರು. ಇತ್ತ ನಾನು ದಿನಕ್ಕೆ ಹತ್ತು ಗಂಟೆ ಲೈಬ್ರರಿಯ ಕುರ್ಚಿಯಲ್ಲಿ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾಂಬಾರ್, ರಾತ್ರಿ ಮತ್ತೆ ಅನ್ನ. ಅಪ್ಪನ ಮೈಯಲ್ಲಿ ಐವತ್ತು ದಾಟಿದ ಮೇಲೆ ಕಂಡದ್ದು ನನ್ನಲ್ಲಿ ಮೂವತ್ತಕ್ಕೇ ಕಂಡರೆ ಆಶ್ಚರ್ಯವೇನಿಲ್ಲ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಅದೇ ಅಧ್ಯಯನದ 2025ರ ವರದಿ ಭಾರತೀಯರ ಊಟದ ಶಕ್ತಿಯಲ್ಲಿ ಸುಮಾರು ಶೇ 62ರಷ್ಟು ಕಾರ್ಬೋಹೈಡ್ರೇಟಿನಿಂದಲೇ ಬರುತ್ತದೆ ಎಂದಿತು. ಅನ್ನ ಬಿಟ್ಟು ಗೋಧಿಗೋ ಸಿರಿಧಾನ್ಯಕ್ಕೋ ಹೋದರೆ ಸಾಲದು, ಒಟ್ಟು ಪ್ರಮಾಣವೇ ಇಳಿಯಬೇಕು ಎನ್ನುವುದು ಅದರಲ್ಲಿ ನನ್ನ ಗಮನ ಸೆಳೆದ ಮಾತು. ಹಾಗಾದರೆ ಇಳಿಸಿದ ಜಾಗದಲ್ಲಿ ಏನು ತುಂಬಿಸುವುದು? ನೂರು ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಕಾರ್ಬ್ ಇರುತ್ತದೆ. ಅಷ್ಟೇ ತೂಕದ ಬೇಯಿಸಿದ ಸಿಗಡಿಯಲ್ಲಿ 20 ಗ್ರಾಂಗಿಂತ ಹೆಚ್ಚು ಪ್ರೋಟೀನ್, ಕಾರ್ಬ್ ಇಲ್ಲವೆನ್ನುವಷ್ಟು ಕಡಿಮೆ. ಉತ್ತರ ಮೀನು ಮಾರ್ಕೆಟ್ಟಿನಲ್ಲೇ ಇದೆ.

ಈಗ ಆ ಕೆಂಪು ಅಂಚಿನ ಕಡ್ಡಿಯ ವಿಷಯ. ‘ಕ್ರ್ಯಾಬ್ ಸ್ಟಿಕ್’ ಎಂದು ಫ್ರೋಜನ್ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಅಮೆರಿಕದ ಅಂಗಡಿಗಳಲ್ಲಿ ಡಬ್ಬಿಗೆ ತುಂಬಿ ಮಾರುವ ಸೀಫುಡ್ ಸಲಾಡಿನ ಮುಖ್ಯ ಸರಕೂ ಇದೇ. ಹೆಸರಲ್ಲಿ ಏಡಿ ಇದೆ, ಒಳಗೆ ಹೆಚ್ಚಾಗಿ ಏಡಿ ಇರುವುದಿಲ್ಲ. ಬಿಳಿ ಮೀನಿನ ಮಾಂಸವನ್ನು ನೀರಿನಲ್ಲಿ ತೊಳೆದು ತೊಳೆದು, ಹಿಂಡಿ ಹಿಟ್ಟಿನಂತೆ ಮಾಡುತ್ತಾರೆ. ಅದೇ ಸುರಿಮಿ. ಅದಕ್ಕೆ ಪಿಷ್ಟ, ಸಕ್ಕರೆ, ಮೊಟ್ಟೆಯ ಬಿಳಿ, ಏಡಿಯ ಸುವಾಸನೆ ಸೇರಿಸಿ, ಅಂಚಿಗೆ ಬಣ್ಣ ಬಳಿದರೆ ಕಡ್ಡಿ ಸಿದ್ಧ. 1970ರ ದಶಕದಲ್ಲಿ ಜಪಾನಿನಲ್ಲಿ ಹುಟ್ಟಿದ ಜಾಣತನ ಇದು. ತಪ್ಪೇನಲ್ಲ, ತಿನ್ನಲೂ ರುಚಿ. ಆದರೆ ನೂರು ಗ್ರಾಂನಲ್ಲಿ 15 ಗ್ರಾಂವರೆಗೂ ಕಾರ್ಬ್ ಇರುವ ವಸ್ತುವನ್ನು ಲೋ ಕಾರ್ಬ್ ಬೌಲಿಗೆ ಹಾಕಿ ಮಾರುವುದು ಯಾವ ನ್ಯಾಯ? ನಮ್ಮ ಪಶ್ಚಿಮ ಕರಾವಳಿಯಲ್ಲೂ ಸುರಿಮಿ ತಯಾರಾಗುತ್ತದೆ. ಅದಕ್ಕೆ ಹೋಗುವುದು ಹೆಚ್ಚಾಗಿ ಪಿಂಕ್ ಪರ್ಚ್, ಅಂದರೆ ಮಂಗಳೂರು ಕಡೆಯ ಮದ್ಮಲ್ ಮೀನು. ಊರಿನ ಮೀನನ್ನು ಏಡಿಯ ವೇಷದಲ್ಲಿ ತಿನ್ನುವ ಬದಲು ಮೀನಾಗಿಯೇ ತಿನ್ನಬಾರದೇ?

ಮೇಯನೇಸಿನದ್ದು ಇನ್ನೊಂದು ಕಥೆ. ಅಸಲಿ ಮೇಯನೇಸ್ ಎಂದರೆ ಮೊಟ್ಟೆಯ ಹಳದಿ, ಎಣ್ಣೆ, ನಿಂಬೆರಸ ಅಥವಾ ವಿನೆಗರ್ ಅಷ್ಟೇ. ಅದರಲ್ಲಿ ಎಣ್ಣೆ ಭರ್ತಿ, ಕಾರ್ಬ್ ಬಹಳ ಕಡಿಮೆ. ಆದರೆ ಹಸಿ ಮೊಟ್ಟೆಯ ಅಪಾಯ ಇದ್ದೇ ಇದೆ. ಅದಕ್ಕೇ ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಹಸಿ ಮೊಟ್ಟೆಯ ಮೇಯನೇಸನ್ನು ಒಂದು ವರ್ಷ ನಿಷೇಧಿಸಿದವು. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಮೊಟ್ಟೆಯಿಲ್ಲದ ಮೇಯನೇಸಿನಲ್ಲಿ ಆ ದಪ್ಪ ಎಲ್ಲಿಂದ ಬರುತ್ತದೆ? ಪ್ಯಾಕೆಟ್ಟಿನ ಹಿಂಬದಿ ನೋಡಿ. ಪದಾರ್ಥಗಳನ್ನು ತೂಕ ಹೆಚ್ಚಿರುವುದರಿಂದ ಕಡಿಮೆಯ ಕಡೆಗೆ ಬರೆಯಬೇಕೆಂಬುದು ನಿಯಮ. ಎಣ್ಣೆ, ನೀರು ಆದ ಮೇಲೆ ಬಹಳ ಸಲ ಸಕ್ಕರೆ ಬರುತ್ತದೆ. 1422 ಅಥವಾ 1442 ಎಂಬ ನಂಬರ್ ಕಂಡರೆ ಅದು ಮಾರ್ಪಡಿಸಿದ ಪಿಷ್ಟ. ಕರೆಂಟ್ ಅಫೇರ್ಸಿನ ಅಂಕಿಗಳನ್ನೆಲ್ಲ ಉರುಹೊಡೆಯುವ ನಮಗೆ ಈ ಎರಡು ನಂಬರ್ ನೆನಪಿಟ್ಟುಕೊಳ್ಳುವುದು ಕಷ್ಟವೇ?

ನಾನು ಮೇಯನೇಸ್ ಬದಲು ಮೊಸರು ಬಳಸುತ್ತೇನೆ. ಅರ್ಧ ಲೀಟರ್ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು, ಕೆಳಗೊಂದು ಪಾತ್ರೆ ಕೊಟ್ಟು ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ನೀರೆಲ್ಲ ಇಳಿದು ಬೆಣ್ಣೆಯಂಥ ಮುದ್ದೆ ಉಳಿದಿರುತ್ತದೆ. ಅದಕ್ಕೆ ಒಂದು ಚಮಚ ಎಣ್ಣೆ, ನಿಂಬೆರಸ, ಕುಟ್ಟಿದ ಕಾಳುಮೆಣಸು, ಉಪ್ಪು, ಜಜ್ಜಿದ ಒಂದೇ ಒಂದು ಬೆಳ್ಳುಳ್ಳಿ ಎಸಳು ಹಾಕಿ ಚೆನ್ನಾಗಿ ಕಲಸಿದರೆ ಸಾಸ್ ಆಯಿತು.

ಊರಿಗೆ ಹೋದಾಗ ಇದನ್ನು ಮಾಡಹೊರಟರೆ ಅಮ್ಮ ತಡೆದರು. “ಮೊಸ್ರಿಗ್ ಮೀನ್ ಹಾಕುಕಾಗ, ತೊನ್ನ್ ಬತ್ತ್!” ಬಹಳ ಮನೆಗಳಲ್ಲಿ ಇರುವ ನಂಬಿಕೆ ಇದು. ತೊನ್ನು ಬರುವುದು ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಮೇಲೆ ತಿರುಗಿ ಬೀಳುವುದರಿಂದ, ಊಟದ ಜೋಡಿಯಿಂದಲ್ಲ. ಬಂಗಾಳದವರು ಮೊಸರಿನಲ್ಲೇ ಮೀನು ಬೇಯಿಸಿ ದೋಯಿ ಮಾಚ್ ಮಾಡುತ್ತಾರೆ. ಆದರೂ ಅಮ್ಮನ ಜೊತೆ ವಾದ ಗೆದ್ದು ಅವರ ಅಡುಗೆಮನೆಯಲ್ಲಿ ಸಾಧಿಸುವುದೇನು? ತೆಂಗಿನಕಾಯಿಯ ದಪ್ಪ ಹಾಲು ಹಿಂಡಿ ಫ್ರಿಜ್ಜಿನಲ್ಲಿಟ್ಟೆವು. ಮೇಲೆ ಕಟ್ಟಿದ ಕೆನೆಯನ್ನಷ್ಟೇ ತೆಗೆದು, ಹಸಿಮೆಣಸು, ನಿಂಬೆರಸ ಸೇರಿಸಿದೆವು. ನಿಜ ಹೇಳಬೇಕೆಂದರೆ ಮೊಸರಿಗಿಂತ ಅದೇ ರುಚಿ. ಅಪ್ಪ ಮೊದಲ ತುತ್ತಿಗೆ “ಇದೆಂತ ಮಾರಾಯ, ತಣ್ಣಗಿನ ಚಟ್ಲಿ?” ಎಂದರು. ಬಟ್ಟಲು ಖಾಲಿ ಮಾಡಿ, ಆಮೇಲೆ ಎಂದಿನ ಅರ್ಧದಷ್ಟೇ ಅನ್ನ ಹಾಕಿಸಿಕೊಂಡರು. ಡಾಕ್ಟರ್ ಎರಡು ವರ್ಷದಿಂದ ಹೇಳುತ್ತಿದ್ದದ್ದೂ ಅಷ್ಟೇ.

ಸಿಗಡಿಯ ಕೆಲಸ ನಿಮಿಷಗಳದ್ದು. ಅರ್ಧ ಕೆಜಿ ತಂದರೆ ತಲೆ, ಸಿಪ್ಪೆ ಹೋಗಿ ಹೆಚ್ಚುಕಮ್ಮಿ ಕಾಲು ಕೆಜಿ ಉಳಿಯುತ್ತದೆ, ಇಬ್ಬರಿಗೆ ಸಾಕು. ಬೆನ್ನನ್ನು ಸೀಳಿ ಕಪ್ಪು ನರ ತೆಗೆಯಿರಿ. ಉಪ್ಪು, ಚಿಟಿಕೆ ಅರಿಶಿನ ಹಾಕಿದ ನೀರು ಕುದಿಯುವಾಗ ಬಿಟ್ಟರೆ ಎರಡು ಮೂರು ನಿಮಿಷದಲ್ಲಿ ಬಣ್ಣ ತಿರುಗಿ ಬಾಗುತ್ತದೆ. ಕುಡುಗೋಲಿನಂತೆ ಬಾಗಿದಾಗ ಹದ. ಉಂಗುರದಂತೆ ಸುತ್ತಿಕೊಂಡರೆ ರಬ್ಬರ್. ತಕ್ಷಣ ತಣ್ಣೀರಿಗೆ ಹಾಕಿ, ನೀರು ಪೂರ್ತಿ ಬಸಿಯಿರಿ. ಬೊಂಡಾಸ್ ಸಿಕ್ಕರೆ ಬಳೆಬಳೆಯಾಗಿ ಕತ್ತರಿಸಿ ಒಂದೇ ನಿಮಿಷ ಬೇಯಿಸಿ. ಸೌತೆಕಾಯಿ ಹೆಚ್ಚಿ ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು ಹಿಂಡಲೇಬೇಕು. ಇಲ್ಲದಿದ್ದರೆ ಸಲಾಡ್ ಹೋಗಿ ಮಜ್ಜಿಗೆಯಾಗುತ್ತದೆ. ಈರುಳ್ಳಿ, ಕೊತ್ತಂಬರಿ ಸೊಪ್ಪು ಸೇರಿಸಿ ಎಲ್ಲವೂ ತಣ್ಣಗಾದ ಮೇಲೆ ಕಲಸಿ. ಒಂದು ತಟ್ಟೆಗೆ ಕಾರ್ಬ್ 10 ಗ್ರಾಂ ಆಸುಪಾಸು. ಇಬ್ಬರ ಊಟ ಕೆಫೆಯ ಒಂದು ಬೌಲಿನ ಬೆಲೆಯಲ್ಲಿ ಮುಗಿಯುತ್ತದೆ. ಉಳಿದದ್ದನ್ನು ಹೊರಗಿಡಬೇಡಿ, ಫ್ರಿಜ್ಜಿನಲ್ಲಿಟ್ಟರೂ ಮರುದಿನಕ್ಕೆ ಮುಗಿಸಿ.

ಬೆಂಗಳೂರಿನ ಬಾಡಿಗೆ ರೂಮಿನಲ್ಲಿ ಮೀನು ಎಂದರೆ ಓನರ್ ಮುಖ ನೆನಪಾಗುತ್ತದೆ, ಗೊತ್ತು. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡ್ ದಾಟಿ ರೂಮು ಹುಡುಕುವುದೇ ಒಂದು ಪ್ರಿಲಿಮ್ಸ್. ಮಾಂಸಾಹಾರಕ್ಕೆ ಒಪ್ಪಿದ ನಮ್ಮ ಓನರ್ ಕೂಡ “ವಾಸನೆ ಮಾತ್ರ ಮಹಡಿ ಇಳಿಯಬಾರದು” ಎಂದು ಷರತ್ತು ಹಾಕಿದವರೇ. ಮಸಾಲೆ ಹಚ್ಚಿ ಕಾದ ಎಣ್ಣೆಯಲ್ಲಿ ಹುರಿದರೆ ಬೀದಿಗೆಲ್ಲ ಸುದ್ದಿ. ಮೂರು ನಿಮಿಷ ಕುದಿಸಿದರೆ ಪಕ್ಕದ ರೂಮಿಗೂ ತಿಳಿಯುವುದಿಲ್ಲ. ಸಿಪ್ಪೆಯನ್ನು ಮಾತ್ರ ಬಿಗಿಯಾಗಿ ಕಟ್ಟಿ ಅಂದೇ ಕಸದ ಗಾಡಿಗೆ ಹಾಕಬೇಕು. ಅದನ್ನು ಮರೆತವರು ರೂಮು ಖಾಲಿ ಮಾಡಬೇಕಾಗುತ್ತದೆ!

ಇಷ್ಟೆಲ್ಲ ಹೇಳಿದರೂ ಅನ್ನದ ಮೇಲೆ ನನಗೆ ದ್ವೇಷವಿಲ್ಲ. ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ ಓಡುತ್ತಿದ್ದ ಗೆಳೆಯನೊಬ್ಬ ಯಾರದ್ದೋ ರೀಲ್ಸ್ ನೋಡಿ ಅನ್ನ, ಚಪಾತಿ ಎರಡನ್ನೂ ಬಿಟ್ಟ. ವಾರದಲ್ಲೇ ಮೈದಾನದಲ್ಲಿ ತಲೆ ತಿರುಗಿ ಕೂತ. ಓಡುವ ಮೈಗೆ ಅನ್ನ ಬೇಕು, ಕೂರುವ ಮೈಗೆ ಕಡಿಮೆ ಸಾಕು. ಶುಗರಿಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಂತೂ ಡಾಕ್ಟರನ್ನು ಕೇಳದೆ ಅನ್ನವನ್ನು ಒಮ್ಮೆಲೇ ಕಡಿಮೆ ಮಾಡಬಾರದು, ಸಕ್ಕರೆ ಅಂಶ ಅಪಾಯಕಾರಿಯಾಗಿ ಕುಸಿಯಬಹುದು. ಅಪ್ಪನ ಅರ್ಧ ಅನ್ನಕ್ಕೂ ಡಾಕ್ಟರ ಅಪ್ಪಣೆ ಇದೆ. ಸಿಗಡಿ, ಏಡಿ ತಿಂದರೆ ಮೈ ತುರಿಸುವವರು ಈ ಬೌಲಿನಿಂದ ದೂರವಿರಿ. ಬೇಯಿಸಿದ ಮೊಟ್ಟೆಗೂ ಇದೇ ಸಾಸ್ ಹೊಂದುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಸಮುದ್ರಕ್ಕೆ ಇಳಿಯುವುದಿಲ್ಲ. ಆಗ ಸಮುದ್ರದ ಸಿಗಡಿ ಅಪರೂಪ, ಬೆಲೆಯೂ ಹೆಚ್ಚು. ಆ ಎರಡು ತಿಂಗಳು ನಾನು ಕೆರೆಯಲ್ಲಿ ಸಾಕಿದ ವನಾಮಿ ಸಿಗಡಿ ತರುತ್ತೇನೆ. ಊರಿನ ಚಟ್ಲಿಯ ಸಿಹಿ ಅದಕ್ಕಿಲ್ಲ, ಕಾಳುಮೆಣಸು ಸ್ವಲ್ಪ ಜಾಸ್ತಿ ಬೇಕಾಗುತ್ತದೆ.